ಬಿಡೋವಾಗ ಹಿಡಕೊಳ್ತೈತಿ

ಕೊಟ್ಟೂರಿನ ಹತ್ತಿರದ ರೈಲ್ವೆ ಗೇಟಿನಲ್ಲಿ, ಅಷ್ಟು ಜನರ ಎದುರು, ನಾನು ಬೈಕಿನಿಂದ ಜಾರಿ ರಸ್ತೆಯ ಮೇಲೆ ಕೂತೆ. ಬಿದ್ದೆ ಎನ್ನಲು ಮನಸ್ಸು ಬರುವುದಿಲ್ಲ, ಯಾಕೆಂದರೆ ಬೀಳುವಷ್ಟು ಹೊತ್ತೂ ಸಿಗಲಿಲ್ಲ. ರೈಲು ಹೋಗಿ ಗೇಟು ಮೇಲೆದ್ದಿತ್ತು. ಎಲ್ಲರೂ ಹೊರಟರು. ನಮ್ಮ ಮನೆಯವರೂ ಗೇರ್ ಹಾಕಿ ಕ್ಲಚ್ ಬಿಟ್ಟರು. ಗಾಡಿ ಒಮ್ಮೆ ಮುಂದಕ್ಕೆ ಜಿಗಿಯಿತು, ತಡೆದಂತಾಯಿತು, ಮತ್ತೊಮ್ಮೆ ಜಿಗಿಯಿತು. ಎರಡನೆಯ ಜಿಗಿತಕ್ಕೆ ಗಾಡಿ ಮುಂದೆ ಹೋಯಿತು, ಒಂದೇ ಕಡೆ ಕಾಲು ಹಾಕಿ ಕೂತಿದ್ದ ನಾನು ಹಿಂದೆ ಉಳಿದೆ. ತೊಡೆಯ ಮೇಲಿದ್ದ ಚೀಲದಿಂದ, ಮದುವೆ ಮನೆಯವರಿಗೆಂದು ಹೊಲಿದಿದ್ದ ಜಂಪರುಗಳೆಲ್ಲ ಹಳಿಯ ಪಕ್ಕದ ಜಲ್ಲಿಯ ಮೇಲೆ ಚೆಲ್ಲಿದವು.

“ಅಕ್ಕಾರ, ಪೆಟ್ಟಾತೇನ್ರಿ?” ಎಂದು ಹಿಂದಿನ ಟ್ರ್ಯಾಕ್ಟರಿನವನು ಕೇಳಿದ.

ಪೆಟ್ಟು ಸೊಂಟಕ್ಕಾಗಿತ್ತು. ಅದಕ್ಕಿಂತ ಹೆಚ್ಚು ಮಾನಕ್ಕಾಗಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇದನ್ನು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎದ್ದು, ಸೀರೆ ಕೊಡವಿ, ಜಂಪರುಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಾ ಬಾಯಿಗೆ ಬಂದಂತೆ ಬೈದೆ. ಇವರು ಗಾಡಿ ನಿಲ್ಲಿಸಿ ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು.

“ನಾ ಏನ್ ಮಾಡ್ಲಿ,” ಎಂದರು. “ಬಿಡೋವಾಗ ಹಿಡಕೊಳ್ತೈತಿ.”

ಆ ಮಾತು ಕೇಳಿದ್ದೇ ತಡ, ನನ್ನ ಬೈಗುಳ ಅಲ್ಲಿಗೇ ನಿಂತಿತು. ಸಿಟ್ಟೆಲ್ಲ ಇಳಿಯಿತು. ಯಾಕೆಂದರೆ ಅವರು ತಮ್ಮ ಎಡಗೈಯ ಮಾತು ಆಡುತ್ತಿದ್ದಾರೆ ಎಂದು ನಾನು ತಿಳಿದೆ.

ನಮ್ಮ ಮನೆಯವರದು ಪಂಪಿನ ಮೋಟರಿನ ಕೆಲಸ. ಸುಟ್ಟುಹೋದ ಮೋಟರಿನ ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೂರಿಸುತ್ತಾರೆ. ವೈಂಡಿಂಗ್ ಎನ್ನುತ್ತಾರೆ ಅದಕ್ಕೆ. ಹರಪನಹಳ್ಳಿಯ ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಒಂದು ಕಡೆ ನನ್ನ ಹೊಲಿಗೆ ಮಷೀನು, ಇನ್ನೊಂದು ಕಡೆ ಅವರ ತಂತಿಯ ಉರುಳೆಗಳು. ಹಡಗಲಿ ಕಡೆಯಿಂದ ಕೂಡ್ಲಿಗಿಯ ತನಕ ಎಲ್ಲಿ ಮೋಟರು ನಿಂತರೂ ಇವರಿಗೆ ಫೋನು ಬರುತ್ತಿತ್ತು. ನಾನು ಗೇಟಿನಲ್ಲಿ ಬಿದ್ದದ್ದಕ್ಕೆ ಮುಂಚಿನ ವರ್ಷ ಹೊಳೆ ದಂಡೆಯ ಒಂದು ಹೊಲದಲ್ಲಿ ಸ್ಟಾರ್ಟರ್ ಡಬ್ಬಿಗೆ ಕೈ ಹಾಕಿದಾಗ ಕರೆಂಟು ಹೊಡೆದಿತ್ತು. ಎಡಗೈ. ಕಿರುಬೆರಳು, ಅದರ ಪಕ್ಕದ ಬೆರಳು ಕೆಲವು ವಾರ ಜೋಮು ಹಿಡಿದೇ ಇದ್ದವು. ಆಮೇಲೆ ಸರಿಯಾಯಿತು ಎಂದು ಅವರು ಹೇಳಿದರು. ನಾನು ನಂಬಲಿಲ್ಲ. ಒಂದು ದಿನ ಅವರ ಕೈಯಿಂದ ಚಹಾದ ಲೋಟ ಜಾರಿತು. ಲೋಟ ಯಾರ ಕೈಯಿಂದಲೂ ಜಾರುತ್ತದೆ, ನನ್ನ ಕೈಯಿಂದ ವಾರಕ್ಕೊಂದು ಜಾರುತ್ತದೆ, ಆದರೆ ಅಂದಿನಿಂದ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಎಡಗೈಯನ್ನೇ ಕಾಯತೊಡಗಿದೆ.

ಆ ಕೈ ಹೋದರೆ ಅವರೇ ಹೋದಂತೆ ಎಂದು ನನಗೆ ಗೊತ್ತಿತ್ತು. ಹೊಟ್ಟೆಪಾಡಿನ ಮಾತಲ್ಲ ಇದು, ನನ್ನ ಹೊಲಿಗೆಯಿಂದಲೂ ಮನೆ ನಡೆಯುತ್ತದೆ. ಕೂದಲೆಳೆಯಂಥ ತಂತಿಯನ್ನು ಆ ಬೆರಳುಗಳ ನಡುವೆ ಜಾರಿಸುತ್ತಾ ಕೂತಾಗ ಅವರ ಮುಖದಲ್ಲಿ ಇರುತ್ತಿದ್ದ ನೆಮ್ಮದಿ ಬೇರೆಲ್ಲೂ ಕಾಣುತ್ತಿರಲಿಲ್ಲ. ದೇವರ ಮುಂದೆ ನಿಂತಾಗಲೂ ಕಾಣುತ್ತಿರಲಿಲ್ಲ.

ಗಾಡಿ ಇಪ್ಪತ್ತು ವರ್ಷಕ್ಕೂ ಹಳೆಯದು. ಮಾರನೆಯ ದಿನವೇ ಅದನ್ನು ಇವರ ಗೆಳೆಯರೊಬ್ಬರ ಗ್ಯಾರೇಜಿಗೆ ಒಯ್ದೆವು. ಇಬ್ಬರೂ ಮೀಸೆ ಮೂಡುವ ಮೊದಲಿನಿಂದ ಜೊತೆಗಾರರು. ನಾನು ಅವರನ್ನು ಅಣ್ಣಾ ಎನ್ನುತ್ತೇನೆ, ಅವರು ನನ್ನನ್ನು ಅಕ್ಕಾ ಎನ್ನುತ್ತಾರೆ, ಯಾರು ದೊಡ್ಡವರೆಂಬ ಲೆಕ್ಕ ಇಬ್ಬರಿಗೂ ಬೇಕಿಲ್ಲ. ಮೆಕ್ಯಾನಿಕ್ ಅಣ್ಣ ಗಾಡಿ ಹತ್ತಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಂದರು.

“ಅರೆ, ಬೆಣ್ಣಿ ಆಗೈತಲ್ಲೋ ಗಾಡಿ!” ಎಂದರು. “ಏನೂ ಆಗಿಲ್ಲ ಇದಕ್ಕ.”

“ಆಗೈತಿ,” ಎಂದರು ಇವರು. “ನಿಧಾನ ಬಿಟ್ಟು ನೋಡು.”

ಅಣ್ಣ ಕ್ಲಚ್ಚಿನ ಕೇಬಲ್ ಬದಲಿಸಿದರು. ಲಿವರಿನಲ್ಲಿ ಎಷ್ಟು ಸಡಿಲ ಇರಬೇಕೋ ಅಷ್ಟು ಬಿಟ್ಟು ಬಿಗಿ ಮಾಡಿದರು. ಚೈನು ಜೋತುಬಿದ್ದಿದ್ದರೂ ಹೊರಡುವಾಗ ಎಳೆಯುತ್ತದೆಂದು ಅದನ್ನೂ ಎಳೆದು ಕಟ್ಟಿದರು. ಆಯಿಲ್ ಬದಲಿಸಿದರು. ಇವರು ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರೆ ಮತ್ತೆ ಅದೇ ಜಿಗಿತ. ಈ ಸಲ ನಾನು ಬೀಳಲಿಲ್ಲ, ಅವರ ಅಂಗಿ ಗಟ್ಟಿಯಾಗಿ ಹಿಡಿದಿದ್ದೆ.

“ಕ್ಲಚ್ಚಿನ ಪ್ಲೇಟು ಹೋಗ್ಯಾವು, ಬಿಚ್ಚಿ ನೋಡು,” ಎಂದರು ಇವರು. ಚಹಾ ತರಲೆಂದು ಎದುರಿನ ಅಂಗಡಿಗೆ ಹೋದರು. ಅವರು ರಸ್ತೆ ದಾಟುವುದನ್ನೇ ಕಾದು ಅಣ್ಣ ನನ್ನ ಹತ್ತಿರ ಬಂದರು.

“ಅಕ್ಕಾ, ಗಾಡೀದು ಏನಿಲ್ಲ. ನಾ ಓಡಿಸಿದ್ರ ಸರಿ ಹೋಗತೈತಿ, ಅವನು ಓಡಿಸಿದ್ರ ಜಗ್ಗತೈತಿ. ಕೈದು ಅಕ್ಕಾ ಅದು. ಅವನಿಗೆ ಹೆಂಗ ಹೇಳೋದು?”

“ಹೇಳಬ್ಯಾಡ್ರಿ ಅಣ್ಣಾ,” ಎಂದೆ.

“ಪ್ಲೇಟು ಹೊಸಾವು ಹಾಕೀನಿ ಅಂತೀನಿ. ಬಿಚ್ಚೋದಿಲ್ಲ. ಮನಸಿಗೆ ಸಮಾಧಾನ ಆದ್ರ ಕೈನೂ ಸರಿಹೋದೀತು.”

ನಾನು ತಲೆಯಾಡಿಸಿದೆ. ಅಷ್ಟೇ ನಾನು ಮಾಡಿದ್ದು. ನಮ್ಮ ಕಡೆ ಒಬ್ಬರ ಕುಂದನ್ನು ಅವರ ಮುಖಕ್ಕೆ ಹೇಳುವುದಿಲ್ಲ, ಹೆಂಡತಿಗೋ ಅಣ್ಣತಮ್ಮಂದಿರಿಗೋ ಹೇಳುತ್ತೇವೆ, ಆಮೇಲೆ ಎಲ್ಲರೂ ಸೇರಿ ಅವರ ಎದುರು ಏನೂ ಆಗಿಲ್ಲವೆಂಬಂತೆ ಇರುತ್ತೇವೆ. ಅದನ್ನು ನಾವು ಮರ್ಯಾದೆ ಎಂದುಕೊಂಡಿದ್ದೇವೆ. ನಾನೂ ಹಾಗೇ ಎಂದುಕೊಂಡಿದ್ದೆ. ಎರಡು ದಿನ ಬಿಟ್ಟು ಗಾಡಿ ಮನೆಗೆ ಬಂತು. “ಹೊಸಾ ಪ್ಲೇಟು, ಇನ್ನ ಹತ್ತು ವರ್ಷ ಚಿಂತಿಲ್ಲ,” ಎಂದು ಅಣ್ಣ ನಗುತ್ತಾ ಹೇಳಿದರು. ಇವರು ಖುಷಿಯಿಂದ ಗಾಡಿ ಹತ್ತಿ ಓಣಿಯ ತಿರುವಿನವರೆಗೆ ಹೋದರು. ಹೊರಡುವಾಗ ಗಾಡಿ ಎರಡು ಸಲ ಜಿಗಿದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವರು ತಿರುವಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡಲಿನ ಮೇಲಿದ್ದ ಎಡಗೈಯನ್ನು ತೆಗೆದು, ಬಹಳ ಹೊತ್ತು ನೋಡಿಕೊಂಡರು.

ಅಂದು ಅವರ ತಲೆಯಲ್ಲಿ ಏನು ನಡೆಯಿತೆಂದು ನನಗೆ ಅರ್ಥವಾಗಲು ಎಷ್ಟೋ ತಿಂಗಳು ಬೇಕಾಯಿತು. ಪ್ಲೇಟೂ ಹೊಸದು, ಕೇಬಲ್ಲೂ ಹೊಸದು, ಆದರೂ ಜಗ್ಗುತ್ತದೆ. ಹಾಗಾದರೆ ಉಳಿದದ್ದು ಏನು?

ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಅವರು ಬೇಡ ಎನ್ನಲಿಲ್ಲ. ಡಾಕ್ಟರು ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಕೇಳುವವರು. ಆದರೆ ಕೂತ ಕೂಡಲೇ ನಾನು ಬಾಯಿ ಹಾಕಿ ಕರೆಂಟು ಹೊಡೆದದ್ದು, ಜೋಮು, ಲೋಟ, ಗೇಟಿನಲ್ಲಿ ನಾನು ಬಿದ್ದದ್ದು ಎಲ್ಲ ಒಪ್ಪಿಸಿಬಿಟ್ಟೆ. ಡಾಕ್ಟರು ನನ್ನನ್ನು ಕೈಸನ್ನೆಯಿಂದ ತಡೆದು ಇವರ ಕಡೆ ತಿರುಗಿದರು.

“ಗಾಡಿ ಓಡಿಸೋವಾಗ ಏನಾಗತೈತಿ, ನೀವು ಹೇಳ್ರಿ.”

“ಬಿಡೋವಾಗ ಹಿಡಕೊಳ್ತೈತ್ರಿ,” ಎಂದರು ಇವರು. “ಒಮ್ಮೆ ಹಿಡಿದು, ಬಿಟ್ಟು, ಮತ್ತ ಹಿಡೀತೈತಿ.”

ಡಾಕ್ಟರು ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿದರು. ಸೂಜಿಯಿಂದ ಮುಟ್ಟಿ ನೋಡಿದರು. ನರಕ್ಕೆ ಇನ್ನೂ ಬಲ ಬಂದಿರಲಿಕ್ಕಿಲ್ಲ, ಸದ್ಯಕ್ಕೆ ಗಾಡಿ ಬೇಡ, ಕರೆಂಟಿನ ಕೆಲಸವಂತೂ ಬೇಡವೇ ಬೇಡ, ಎರಡು ತಿಂಗಳು ಬಿಟ್ಟು ಬನ್ನಿ ಎಂದರು. ಡಾಕ್ಟರನ್ನು ನಾನು ದೂರುವುದಿಲ್ಲ. ಕೈಯನ್ನು ಅವರ ಮೇಜಿನ ಮೇಲೆ ತಂದಿಟ್ಟವಳೇ ನಾನು. ಅವರ ಎದುರು ಗಾಡಿ ಎಲ್ಲಿತ್ತು?

ಎರಡು ತಿಂಗಳು ಆರಾಯಿತು. ಇವರು ಮತ್ತೆ ಡಾಕ್ಟರ ಹತ್ತಿರ ಬರಲು ಒಪ್ಪಲಿಲ್ಲ, “ಏನಂತಾರಂತ ಗೊತ್ತೈತಲ್ಲ,” ಎಂದರು. ತಂತಿಯ ಉರುಳೆಗಳ ಮೇಲೆ ಧೂಳು ಕೂತಿತು. ಮೋಟರು ತಂದವರಿಗೆ ದಾವಣಗೆರೆಗೆ ಒಯ್ಯಿರಿ ಎಂದು ಕಳಿಸುತ್ತಿದ್ದರು. ಎಲ್ಲಕ್ಕೂ ಬಲಗೈಯನ್ನೇ ಬಳಸತೊಡಗಿದರು, ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಅದು ನೋವಿನ ಕೈಯಾಗಿರಲಿಲ್ಲ, ತಪ್ಪು ಮಾಡಿದ ಕೈಯಾಗಿತ್ತು. ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು, ಅಳು ಬಂದರೆ ನಾನು ಬೈಯುತ್ತೇನೆ, ಬೈದರೆ ಅವರು ಸುಮ್ಮನಿರುತ್ತಿದ್ದರು. ಮೊದಲಾದರೆ ತಿರುಗಿ ಒಂದು ಕೊಂಕು ಮಾತಾದರೂ ಆಡುತ್ತಿದ್ದರು.

ಕೊನೆಗೆ ಒಂದು ಬೆಳಿಗ್ಗೆ ನಾನು ಗಾಡಿಯ ಕೀಲಿ ತೆಗೆದುಕೊಂಡು ಅವರ ಮುಂದೆ ನಿಂತೆ.

“ಏಳ್ರಿ. ನನಗ ಗಾಡಿ ಕಲಿಸ್ರಿ.”

“ನಿನಗ ಹುಚ್ಚು ಗಿಚ್ಚು ಹಿಡಿದೈತೇನು?”

“ಹಿಡೀಲಿ. ನಾ ಓಡಸ್ತೀನಿ, ನೀವು ಹಿಂದ ಕುಂದರ್ರಿ. ಹೊಲಕ್ಕ ಹೋಗಾಮು. ನೀವು ಹೇಳ್ರಿ, ತಂತಿ ನಾ ಜೋಡಸ್ತೀನಿ. ಗುಂಡಿ ಹೊಲಿಯೋ ಕೈಗೆ ತಂತಿ ಏನ್ ದೊಡ್ಡದು?”

ಅವರು ನಕ್ಕರು. ಆರು ತಿಂಗಳಲ್ಲಿ ಮೊದಲ ಸಲ.

ಊರಾಚೆಯ ಬಯಲಿಗೆ ಬೆಳಗಿನ ಹೊತ್ತು ಗಾಡಿ ತಳ್ಳಿಕೊಂಡು ಹೋಗುತ್ತಿದ್ದೆವು. ನಾನು ಮಗಳ ಹಳೇ ಚೂಡಿದಾರ ಹಾಕಿಕೊಂಡದ್ದಕ್ಕೇ ಓಣಿಯ ಹೆಂಗಸರಿಗೆ ಒಂದು ವಾರದ ಮಾತಾಯಿತು. ಆಗಲಿ ಬಿಡಿ. ಮೊದಲ ದಿನದ ಪಾಠ ನೆನೆದರೆ ಈಗಲೂ ನಗು ಬರುತ್ತದೆ.

“ಕ್ಲಚ್ ಹಿಡಿ.”

“ಹಿಡಿದೆ.”

“ಗೇರ್ ಹಾಕು. ಈಗ ಬಿಡು.”

ಬಿಟ್ಟೆ. ಗಾಡಿ ಕಪ್ಪೆಯ ಹಾಗೆ ಹಾರಿ ಆಫಾಯಿತು.

“ಹಂಗ ಬಿಡ್ತಾರೇನ? ಹಿಡಿದು ಬಿಡು.”

“ಹಿಡಿದ್ರ ಹೆಂಗ ಬಿಡ್ಲಿ? ಬಿಟ್ರ ಹೆಂಗ ಹಿಡೀಲಿ? ಸರಿಯಾಗಿ ಒಂದು ಹೇಳ್ರಿ!”

ಆಗ ಅವರು ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು, ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. “ನೋಡು, ಒಳಗ ಪ್ಲೇಟು ಇರತಾವು, ಹಿಂಗ ಒತ್ತಿಕೊಂಡು. ನೀ ಕೈಯಾಗ ಲಿವರ್ ಹಿಡಿದ್ರ ಅವು ಒಂದನ್ನೊಂದು ಬಿಡತಾವು. ನೀ ಬಿಟ್ರ ಅವು ಹಿಡೀತಾವು. ನೀ ಹಿಡಿದಾಗ ಅದು ಬಿಡೋದು, ನೀ ಬಿಟ್ಟಾಗ ಅದು ಹಿಡಿಯೋದು. ಆ ಎರಡರ ನಡುವ ಐತಿ ಗಾಡಿ.” ಇಷ್ಟು ಉದ್ದದ ಮಾತನ್ನು ಅವರು ಆಡಿ ಎಷ್ಟು ದಿನವಾಗಿತ್ತೋ. ತೋರಿಸುವಾಗ ಎಡಗೈ ಹೊರಗೆ ಬಂದಿತ್ತು. ಅವರಿಗೆ ಅದು ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ಹತ್ತು ಹನ್ನೆರಡು ದಿನಕ್ಕೆ ಬಯಲನ್ನು ಸುತ್ತುವಷ್ಟು ಕಲಿತೆ. ಆದರೆ ಹೊರಡುವಾಗಿನ ಜಿಗಿತ ಹೋಗಲಿಲ್ಲ. ಹೊಸಬಳು, ಐವತ್ತು ದಾಟಿದವಳು, ಹಾಗೇ ಇರಬೇಕು ಎಂದುಕೊಂಡೆ. ಅವರೂ ಹಾಗೇ ಎಂದುಕೊಂಡು, “ಇನ್ನೂ ನಿಧಾನ, ಇನ್ನೂ ನಿಧಾನ,” ಎನ್ನುತ್ತಾ ಪಕ್ಕದಲ್ಲೇ ನಡೆಯುತ್ತಿದ್ದರು. ನಾನು ನಿಧಾನ ಮಾಡಿದಷ್ಟೂ ಜಿಗಿತ ಜಾಸ್ತಿಯೇ ಆಯಿತು. ಸಿಟ್ಟಿಗೆ ಗ್ಯಾಸ್ ಕೊಟ್ಟು ಪಟ್ಟನೆ ಬಿಟ್ಟುಬಿಟ್ಟರೆ, ವಿಚಿತ್ರ, ಗಾಡಿ ಒಂದೇ ಸಲಕ್ಕೆ ಹೊರಡುತ್ತಿತ್ತು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಹೊಲಿಗೆಯಲ್ಲಿ ದಾರ ತಪ್ಪಿ ಹೊಲಿಗೆ ಬಿಟ್ಟರೆ ತಪ್ಪು ಕೈಯದೋ ಮಷೀನಿನದೋ ಎಂದು ಕಂಡುಹಿಡಿಯುವುದು ಸುಲಭ. ಎಲ್ಲೆಂದರಲ್ಲಿ ಬಿಟ್ಟಿದ್ದರೆ ಬಟ್ಟೆ ಎಳೆದ ಕೈಯದು. ಒಂದೇ ಅಂತರಕ್ಕೆ, ಅಳೆದಂತೆ ಬಿಟ್ಟಿದ್ದರೆ ಮಷೀನಿನದು. ಕೈಗೆ ಅಷ್ಟು ಲೆಕ್ಕ ಇರುವುದಿಲ್ಲ, ಕೈ ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಾಡಲಾರದು. ಮೂವತ್ತು ವರ್ಷ ಇದನ್ನು ನೋಡಿದವಳು ನಾನು. ಒಂದು ಬೆಳಿಗ್ಗೆ ಏಳನೆಯದೋ ಎಂಟನೆಯದೋ ಸಲ ಕ್ಲಚ್ ಬಿಡುವಾಗ ನನ್ನ ಬೆರಳುಗಳಿಗೆ ಆ ಲೆಕ್ಕ ಸಿಕ್ಕಿತು. ಲಿವರು ಎರಡು ಬೆರಳಷ್ಟು ಹೊರಗೆ ಬಂದಾಗ ಒಂದು ಜಗ್ಗು. ಅಲ್ಲಿಂದ ಅರ್ಧ ಬೆರಳಿಗೆ ಇನ್ನೊಂದು. ಮತ್ತೆ ಬಿಟ್ಟು ನೋಡಿದೆ. ಅಲ್ಲೇ. ಮತ್ತೆ. ಅಲ್ಲೇ.

“ರೀ, ಇಲ್ಲಿ ಬರ್ರಿ,” ಎಂದು ಕೂಗಿದೆ. “ಇದು ಬಿಡೋವಾಗ ಹಿಡಕೊಳ್ತೈತಿ.”

ಅವರು ನಿಂತಲ್ಲೇ ನಿಂತರು.

“ಏನಂದಿ?”

“ಬಿಡೋವಾಗ ಹಿಡಕೊಳ್ತೈತಿ ಅಂದೆ. ಒಮ್ಮೆ ಹಿಡಿದು ಬಿಟ್ಟು...”

“ಯಾವುದು?” ಎಂದರು. “ಕೈಯೋ, ಗಾಡಿಯೋ?”

“ಗಾಡಿರೀ, ಗಾಡಿ! ನನ್ನ ಕೈಗೇನು ಧಾಡಿ?”

ಹೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಅದೇ ಮಾತು, ಒಂದಕ್ಷರ ಬದಲಿಲ್ಲ. ಯಾವುದು ಹಿಡಿದುಕೊಳ್ಳುತ್ತದೆ ಎಂದು ಅವರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಮ್ಮ ಮಾತೇ ಹಾಗೆ, ಎದುರಿಗಿರುವುದನ್ನು ಹೆಸರಿಟ್ಟು ಹೇಳುವುದಿಲ್ಲ, ‘ಐತಿ’ ಎಂದರೆ ಕೈಯೂ ಐತಿ, ಗಾಡಿಯೂ ಐತಿ. ಕೇಳಿದವರು ತಮ್ಮ ಮನಸ್ಸಿನಲ್ಲಿ ಇದ್ದುದನ್ನು ತಂದು ಅಲ್ಲಿ ಕೂರಿಸಿಕೊಳ್ಳುತ್ತಾರೆ. ಡಾಕ್ಟರ ಎದುರು ಕೂತ ಈ ಮನುಷ್ಯ ಗಾಡಿಯ ರೋಗ ಹೇಳುತ್ತಿದ್ದರು, ನಾವಿಬ್ಬರೂ ಕೈಯ ರೋಗ ಕೇಳುತ್ತಿದ್ದೆವು.

“ನಾನೂ ಗಾಡೀದ ಹೇಳಿದ್ದು,” ಎಂದರು ಅವರು, ಬಹಳ ಮೆಲ್ಲಗೆ. “ಮೊದಲಿಂದಲೂ ಗಾಡೀದ. ಆದ್ರ ಹೊಸಾ ಪ್ಲೇಟು ಹಾಕಿದ ಮ್ಯಾಲೂ ಹಂಗ ಆತಲ್ಲ. ಡಾಕ್ಟರೂ ಕೈದ ಅಂದ ಮ್ಯಾಲೆ ನನ್ನ ಕೈದ ಇರಬೇಕು ಅನ್ಕಂಡೆ. ನೀವೆಲ್ಲ ಅನ್ನೋದು ಖರೇ ಇರಬೇಕು ಅನ್ಕಂಡೆ.”

ನಾವು ಯಾರೂ ಅವರಿಗೆ ಏನೂ ಅಂದಿರಲಿಲ್ಲ. ಅದಕ್ಕೇ ತಾನೇ ಅಷ್ಟು ಜಾಗರೂಕತೆಯಿಂದ ಇದ್ದದ್ದು? ಆದರೆ ಎಲ್ಲ ಅವರಿಗೆ ಕೇಳಿಸಿತ್ತು. ಇನ್ನು ಬಚ್ಚಿಡಲು ನನ್ನಿಂದ ಆಗಲಿಲ್ಲ. ಗಾಡಿ ಸ್ಟ್ಯಾಂಡ್ ಹಾಕಿ ಇಳಿದೆ.

“ಪ್ಲೇಟು ಹಾಕಿಲ್ಲರೀ,” ಎಂದೆ. “ಬಿಚ್ಚೇ ಇಲ್ಲ. ಅಣ್ಣ ಸುಳ್ಳು ಹೇಳಿದ್ರು. ನನಗ ಗೊತ್ತಿತ್ತು.”

ಬೈಯುತ್ತಾರೆ ಎಂದು ಕಾದೆ. ಒಂದು ಏಟು ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆನೋ ಏನೋ. ಅವರು ಗಾಡಿಯ ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಹೊರಟರು. ನಾನೂ ಕೈ ಹಚ್ಚಲು ಹೋದರೆ, “ಬ್ಯಾಡ,” ಎಂದರು. ಊರೊಳಗೆ ಅಷ್ಟು ದೂರ, ಬಿಸಿಲು ಏರುವ ಹೊತ್ತಿನಲ್ಲಿ, ಗ್ಯಾರೇಜಿನವರೆಗೆ ಒಬ್ಬರೇ ತಳ್ಳಿದರು. ಅವರ ಹಿಂದೆ ಚೂಡಿದಾರದಲ್ಲಿ ನಾನು.

ಗ್ಯಾರೇಜಿನಲ್ಲಿ ಇವರು ಹೇಳಿದ್ದು ಎರಡೇ ಮಾತು. “ಈಗ ಬಿಚ್ಚು.”

ಮೆಕ್ಯಾನಿಕ್ ಅಣ್ಣ ನನ್ನ ಮುಖ ನೋಡಿದರು, ಇವರ ಮುಖ ನೋಡಿದರು, ಎಲ್ಲ ಅರ್ಥವಾಯಿತು. ಆಯಿಲ್ ಇಳಿಸಿ, ಕಿಕ್ಕರ್ ಕಳಚಿ, ಪಕ್ಕದ ಮುಚ್ಚಳ ತೆಗೆದರು. ಮುಚ್ಚಳದ ಕೆಳಗಿನ ಕಾಗದದ ಪ್ಯಾಕಿಂಗು ಎಷ್ಟೋ ವರ್ಷ ಅಂಟಿಕೊಂಡದ್ದು, ಹರಿದು ಬಂತು. ಸ್ಪ್ರಿಂಗುಗಳನ್ನು ಬಿಚ್ಚಿ ಪ್ಲೇಟುಗಳನ್ನು ಒಂದೊಂದೇ ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಪ್ಲೇಟುಗಳು ಹಳೆಯವು, ಆದರೆ ಕೆಟ್ಟಿರಲಿಲ್ಲ. ಆಮೇಲೆ ಪ್ಲೇಟುಗಳು ಕೂರುವ ಹೌಸಿಂಗು ನೋಡಿದರು. ಬಟ್ಟಲಿನ ಹಾಗೆ ಇರುತ್ತದೆ ಅದು, ಸುತ್ತ ಬೆರಳುಗಳಂತೆ ಎದ್ದು ನಿಂತ ಪಟ್ಟಿಗಳು. ಪ್ಲೇಟಿನ ಕಿವಿಗಳು ಆ ಪಟ್ಟಿಗಳ ನಡುವೆ ಹಿಂದೆ ಮುಂದೆ ಸರಿಯಬೇಕು. ಇಪ್ಪತ್ತು ವರ್ಷ ಅದೇ ಜಾಗದಲ್ಲಿ ಬಡಿದು ಬಡಿದು ಪಟ್ಟಿಗಳಲ್ಲಿ ಕಚ್ಚುಗಳು ಬಿದ್ದಿದ್ದವು.

“ಇಲ್ಲೈತಿ ನೋಡಪ್ಪಾ,” ಎಂದರು ಅಣ್ಣ. “ಬಿಡೋವಾಗ ಪ್ಲೇಟು ಸರಿದು ಬರಬೇಕು. ಈ ಕಚ್ಚಿನ್ಯಾಗ ಸಿಕ್ಕಿ ನಿಲ್ತೈತಿ, ಆಮ್ಯಾಲೆ ಜಿಗೀತೈತಿ. ಮತ್ತ ಸಿಗತೈತಿ.”

ಇವರು ಎಡಗೈಯ ಕಿರುಬೆರಳನ್ನು ಒಂದು ಕಚ್ಚಿನೊಳಗೆ ಇಟ್ಟು ನೋಡಿದರು. ಮುಂದಿನದಕ್ಕೆ ಇಟ್ಟು ನೋಡಿದರು. ಸುತ್ತಲೂ ಹಾಗೇ ಎಲ್ಲವನ್ನೂ ಮುಟ್ಟಿದರು.

“ನಿನ್ನ ಕೈಗೆ ಯಾಕ ಗೊತ್ತಾಗ್ಲಿಲ್ಲ?”

ಅಣ್ಣ ತಲೆ ತಗ್ಗಿಸಿದರು. “ನಾವು ಗ್ಯಾಸ್ ಕೊಟ್ಟು ಪಟ್ಟನ ಬಿಡೋ ಮಂದಿ ಭಾಯಿ. ಒಬ್ಬನ ಕುಂತು ಹೋಗ್ತೀನಿ, ಒಂದ ಏಟಿಗೆ ಕಚ್ಚು ದಾಟಿಬಿಡತೈತಿ. ನೀ ಹಿಂದ ಅಕ್ಕನ್ನ ಕುಂದ್ರಿಸಿಕೊಂಡು ಹಗೂರಕ ಬಿಡ್ತಿ. ಅದಕ್ಕ ನಿನಗ ಗೊತ್ತಾತು.” ಕೈಯಲ್ಲಿದ್ದ ಪ್ಲೇಟನ್ನು ಕೆಳಗಿಟ್ಟು, “ತಪ್ಪಾತು. ನಿನಗ ಮನಸಿಗೆ ಹತ್ತಬಾರದು ಅಂತ ಮಾಡಿದೆ,” ಎಂದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಾನು ಬೀಳಬಾರದೆಂದು ಅವರು ಅಷ್ಟು ನಿಧಾನವಾಗಿ ಬಿಡುತ್ತಿದ್ದರು. ಆ ನಿಧಾನವನ್ನೇ ನಾವು ಕೈಯ ಸೋಲು ಎಂದು ಓದಿದ್ದೆವು. ಅಂಗಡಿಯ ಹೊರಗೆ ಬಂದು ಕಣ್ಣೊರೆಸಿಕೊಂಡೆ.

ಅಷ್ಟು ಹಳೆಯ ಗಾಡಿಯ ಹೌಸಿಂಗು ಹೊಸದು ಸಿಗಲಿಲ್ಲ. ಅರದಿಂದ ಪಟ್ಟಿಗಳನ್ನು ಸಮ ಮಾಡಬೇಕಾಯಿತು. ಅಣ್ಣ ಅರವನ್ನು ಇವರ ಮುಂದೆ ಹಿಡಿದರು, ಇಂಥ ನಾಜೂಕು ಕೆಲಸಕ್ಕೆ ನಿನ್ನ ಕೈಯೇ ಸರಿ ಎಂಬಂತೆ. “ನೀನ ಮಾಡು,” ಎಂದರು ಇವರು. ಎಡಗೈ ಮತ್ತೆ ಮಡಿಲಿಗೆ ಹೋಗಿತ್ತು. ಮಧ್ಯಾಹ್ನವೆಲ್ಲ ಅಣ್ಣನೇ ಉಜ್ಜಿದರು. ಸಂಜೆ ಗಾಡಿ ಓಡಿಸಿ ನೋಡಿದವಳು ನಾನು. ಇವರನ್ನು ಹಿಂದೆ ಕೂರಿಸಿಕೊಂಡು, ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನವಾಗಿ ಲಿವರ್ ಬಿಟ್ಟೆ. ಗಾಡಿ ಸುಮ್ಮನೆ ಹೊರಟಿತು. ಹೊರಟದ್ದೇ ಗೊತ್ತಾಗಲಿಲ್ಲ.

ರೋಗ ಸಿಕ್ಕಿತು, ವಾಸಿಯಾಯಿತು, ಇನ್ನು ಎಲ್ಲ ಮೊದಲಿನಂತೆ ಎಂದು ನಾನು ತಿಳಿದಿದ್ದೆ. ಅವರು ಮುಂದಿನ ಸೀಟಿಗೆ ಬರಲಿಲ್ಲ. ಒಂದು ವಾರ ಹೋಯಿತು, ಹತ್ತು ದಿನ ಹೋಯಿತು. “ಹತ್ತ್ರಿ, ಇನ್ನೇನೈತಿ?” ಎಂದರೆ, “ನೀ ಚಲೋ ಓಡಸ್ತೀಯಲ್ಲ,” ಎನ್ನುತ್ತಿದ್ದರು. ಗಾಡಿ ನಿರಪರಾಧಿ ಎಂದು ಒಂದು ಸುಳ್ಳಿನಿಂದ ನಂಬಿಸಿದ್ದೆವು, ಕೈ ನಿರಪರಾಧಿ ಎಂದು ನಿಜದಿಂದಲೂ ನಂಬಿಸಲು ಆಗುತ್ತಿರಲಿಲ್ಲ. ಅರ ಹಾಕಿ ಉಜ್ಜುವ ಜಾಗವಲ್ಲ ಮನಸ್ಸು.

ಆಗ ಹಲವಾಗಲಿನಿಂದ ಫೋನು ಬಂತು. ಹೊಳ್ಯಾಗ ನೀರು ಐತಿ, ಮೋಟರು ಎತ್ತವಲ್ದು, ನಾಟಿ ಹಚ್ಚಿದ ಗದ್ದೆ ಒಣಗಾಕ ಹತ್ತೈತಿ, ನೀವೇ ಬರಬೇಕು ಎಂದು ಹಳೆಯ ಗಿರಾಕಿಯೊಬ್ಬರು. ಇವರು ದಾವಣಗೆರೆ ಎಂದು ಬಾಯಿ ತೆಗೆಯುವ ಮೊದಲೇ ನಾನು ಫೋನು ಕಸಿದುಕೊಂಡು, “ಬರ್ತೀವಿ ಬಿಡ್ರಿ,” ಎಂದೆ. ನಾನು ಅಷ್ಟು ದೂರ ಗಾಡಿ ಓಡಿಸಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಅವರು ಹಿಂದಿನಿಂದ, “ಎಡಕ್ಕ, ಎಡಕ್ಕ, ಲಾರಿ ಬರ್ತೈತಿ,” ಎನ್ನುತ್ತಲೇ ಇದ್ದರು.

ಹೊಳೆ ದಂಡೆಯ ಹೊಲದಲ್ಲಿ ತೊಂದರೆ ಇದ್ದದ್ದು ಮೋಟರಿನಲ್ಲಲ್ಲ, ಸ್ಟಾರ್ಟರ್ ಡಬ್ಬಿಯಲ್ಲಿ. ಅಂಥದೇ ಒಂದು ಡಬ್ಬಿ ಅವರನ್ನು ಹೊಡೆದದ್ದು. ಅವರು ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡರು, ಟೆಸ್ಟರ್ ಹಿಡಿದು ಒಂದು ಸಲ, ಎರಡು ಸಲ, ಮೂರು ಸಲ ನೋಡಿದರು. ಆಮೇಲೂ ಡಬ್ಬಿಯ ಮುಂದೆ ಸುಮ್ಮನೆ ನಿಂತರು. ನಾನು ಹತ್ತಿರ ಹೋಗಿ, “ನಾ ಮಾಡ್ಲೇನ್ರಿ?” ಎಂದೆ.

ಅವರು ನನ್ನನ್ನು ನೋಡಿದರು. ಸಿಟ್ಟಿತ್ತು ಆ ನೋಟದಲ್ಲಿ, ಎಷ್ಟೋ ತಿಂಗಳಿಂದ ಕಾಣದ ಅಪ್ಪಟ ಸಿಟ್ಟು. “ಸರೀ ಅತ್ಲಾಗ,” ಎಂದು ಎಡಗೈಯನ್ನೇ ಒಳಗೆ ಹಾಕಿದರು. ಸುಟ್ಟು ಕಪ್ಪಾದ ತುದಿಗಳನ್ನು ಉಜ್ಜಿ, ಸಡಿಲಾದ ತಂತಿಯನ್ನು ಬೆರಳಲ್ಲಿ ಹೊಸೆದು ಕೂರಿಸಿ, ಬಿಗಿ ಮಾಡಿದರು. ಕೈ ಒಂದಿಷ್ಟೂ ನಡುಗಲಿಲ್ಲ. ಫ್ಯೂಸು ಮತ್ತೆ ಹಾಕಿ ಗುಂಡಿ ಒತ್ತಿದ ಮೇಲೆ ಪೈಪಿನ ಬಾಯಿಂದ ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ತಿಳಿನೀರು ಬಂತು. ಆ ನೀರಿನಲ್ಲಿ ಕೈ ತೊಳೆಯುತ್ತಿದ್ದ ಅವರ ಪಕ್ಕ ಕೂತು, “ತಪ್ಪಾತ್ರಿ,” ಎಂದೆ. ಅವರು ಕೈಯನ್ನು ತಿರುಗಿಸಿ ತಿರುಗಿಸಿ ತೊಳೆಯುತ್ತಲೇ, “ನೀನಾರ ನನ್ನ ನಂಬಬೇಕಿತ್ತು,” ಎಂದರು.

ಅಷ್ಟೇ ಅಂದದ್ದು. ಮತ್ತೆ ಆ ಮಾತು ಇವತ್ತಿನವರೆಗೂ ಎತ್ತಿಲ್ಲ.

ಮರಳುವಾಗ ನಾನು ಗಾಡಿಯ ಹತ್ತಿರ ಬರುವಷ್ಟರಲ್ಲಿ ಅವರು ಮುಂದೆ ಕೂತಿದ್ದರು. ನಾನು ಹಿಂದೆ ಹತ್ತಿದೆ. ಅವರು ಗೇರ್ ಹಾಕಿ, ಎಂದಿನ ನಿಧಾನದಿಂದ ಕ್ಲಚ್ ಬಿಟ್ಟರು. ಗಾಡಿ ನೀರಿನ ಮೇಲೆ ಸರಿದಂತೆ ಹೊರಟಿತು. ಗದ್ದೆಯ ಬದು ದಾಟಿ, ಡಾಂಬರು ರಸ್ತೆಗೆ ಹತ್ತಿ, ಎಮ್ಮೆಗಳಿಗೆಂದು ಒಮ್ಮೆ ನಿಂತು ಮತ್ತೆ ಹೊರಟೆವು. ಎಲ್ಲೂ ಒಂದು ಜಗ್ಗು ಇಲ್ಲ.

“ಕಂಬಿ ಬಿಡು ಇನ್ನ,” ಎಂದರು ಅವರು, ಹಿಂದಿರುಗಿ ನೋಡದೆ.

ಆಗಲೇ ನನಗೆ ಗೊತ್ತಾದದ್ದು. ನನ್ನ ಬಲಗೈ ಸೀಟಿನ ಹಿಂದಿನ ಕಂಬಿಯನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದುಕೊಂಡಿತ್ತು.

“ಬಿಟ್ಟೀನ್ರಿ,” ಎಂದೆ.

ಬಿಟ್ಟಿರಲಿಲ್ಲ. ಹರಪನಹಳ್ಳಿ ಬರುವವರೆಗೂ ಬಿಡಲು ಆಗಲಿಲ್ಲ. ಅವರಿಗೆ ಅದೂ ಗೊತ್ತಿತ್ತು, ಇನ್ನಷ್ಟು ನಿಧಾನವಾಗಿ ಓಡಿಸಿದರು.